ಭಾವನವರ ‘ಸಾಲದು’

ನಮ್ಮ ಭಾವನವರು ಸಂಬಳ ತೆಗೆದುಕೊಂಡು ‘ಇಲ್ಲ’ ಎನ್ನುವ ಮನುಷ್ಯ. ಬಿಟ್ಟಿಯಾಗಿ ಇಲ್ಲ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅದಕ್ಕೆ ಸರ್ಕಾರದಿಂದ ಪೆನ್ಷನ್ನನ್ನೂ ಗಿಟ್ಟಿಸಿದವರು ನನಗೆ ಗೊತ್ತಿರುವಂತೆ ಇವರೊಬ್ಬರೇ!

ಎಪ್ಪತ್ತರ ದಶಕದಲ್ಲಿ ಅವರು ಲ್ಯಾನ್ಸಿಂಗ್‌ನಲ್ಲಿ, ಮಿಷಿಗನ್ ರಾಜ್ಯದ ಇನ್ಶೂರೆನ್ಸ್ ಆಫೀಸಿನಲ್ಲಿದ್ದರು. ಪ್ರೀಮಿಯಂ ಏರಿಸಬೇಕೆಂದರೆ ಆರೋಗ್ಯ ವಿಮೆ ಕಂಪನಿಯವರು ಕಾರಣ ಬರೆದು ಇವರ ಮೇಜಿಗೆ ಕಳಿಸಬೇಕು. ಕೇಳಿದ್ದು ಹೆಚ್ಚಾದರೆ ತಿರಸ್ಕಾರ. ತೀರಾ ಕಡಿಮೆಯಾದರೂ ತಿರಸ್ಕಾರ! “ನಾಳೆ ಆಸ್ಪತ್ರೆ ಬಿಲ್ ಕಟ್ಟೋಕೆ ಕಂಪನೀಲಿ ದುಡ್ಡೇ ಇಲ್ದಿದ್ರೆ?” ಎನ್ನುವರು.

ಊಟಕ್ಕೆ ಕೂತಾಗಲೂ ಫೈಲು. ಒಂದು ಭಾನುವಾರ ಯಾವುದೋ ಕಂಪನಿ ಕೊಟ್ಟ ಕಾರಣ ಓದುತ್ತಾ “ಸಾಲದು” ಎಂದು ಗೊಣಗಿದರು. ಅಕ್ಕ ಒಂದು ಸೌಟು ಬಿಸಿಬೇಳೆಭಾತ್ ಹಾಕಿದಳು. ಪುಟ ತಿರುವಿ “ಏನೇನೂ ಸಾಲದು” ಎಂದರು. ಇನ್ನೆರಡು ಸೌಟು ಬಿತ್ತು.

“ಇಷ್ಟೊಂದು ಯಾರೇ ಕೇಳಿದ್ರು?”

“ನೀವೇ ಅಲ್ವಾ, ಸಾಲದು ಸಾಲದು ಅಂದಿದ್ದು?”

ಅಷ್ಟನ್ನೂ ತಿಂದರು, ಪಾಪ.

ನಕ್ಕ ದಿನಗಳು ಅವು. ಆಮೇಲೆ ನಾನು ಕೆಲಸಕ್ಕಿದ್ದ ಡೆಟ್ರಾಯಿಟ್‌ನ ಕಾರು ಕಾರ್ಖಾನೆ ನನ್ನನ್ನು ಮನೆಗೆ ಕಳಿಸಿತು. ಅದೇ ವರ್ಷ ನನ್ನ ಹೆಂಡತಿಗೆ ಕ್ಯಾನ್ಸರ್ ಎಂದರು. ನಾನು ಕೈಯಿಂದ ದುಡ್ಡು ಕಟ್ಟಿ ಉಳಿಸಿಕೊಂಡಿದ್ದ ಪಾಲಿಸಿಯ ಮೇಲೆ ಆನ್ ಆರ್ಬರ್‌ನಲ್ಲಿ ಚಿಕಿತ್ಸೆ ನಡೆದಿತ್ತು. ಅಷ್ಟರಲ್ಲಿ, ಪ್ರೀಮಿಯಂ ಏರಿಸಲು ಅರ್ಜಿ ಹಾಕಿದ್ದೇವೆಂದು ಕಂಪನಿಯ ಕಾಗದ ಬಂತು. ಅಷ್ಟು ಕಟ್ಟುವ ಶಕ್ತಿ ನನಗಿಲ್ಲ. ಕಟ್ಟದಿದ್ದರೆ ಅವಳ ಚಿಕಿತ್ಸೆ ನಿಲ್ಲುತ್ತದೆ. ತೊಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಭಾವನವರ ಮನೆಗೆ ಹೋದೆ.

“ಭಾವ, ನಿಮ್ಮನ್ನ ಯಾವತ್ತೂ ಏನೂ ಕೇಳಿಲ್ಲ. ಇದೊಂದು ರಿಜೆಕ್ಟ್ ಮಾಡ್ಬಿಡಿ.”

ಅವರ ಮುಖ ಬಿಳಿಚಿಕೊಂಡಿತು. “ಆ ಪಾಲಿಸಿ ನಿನ್ಹತ್ರಾನೂ ಇದೆ ಅಂತ ನಂಗೊತ್ತಿರ್ಲಿಲ್ಲ ಕಣೋ. ಈಗ ಗೊತ್ತಾಯ್ತಲ್ಲ. ಸಂಬಂಧಿಕರದ್ದು ನಾನು ನೋಡೋ ಹಾಗಿಲ್ಲ. ನಾಳೆ ಫೈಲ್ ಬೇರೆಯವ್ರಿಗೆ ಕೊಡ್ಬೇಕು.”

“ಸ್ವಂತ ಭಾಮೈದನಿಗೆ ಇಷ್ಟೂ ಮಾಡಲ್ವಾ?”

ಅಕ್ಕ ಕೊಟ್ಟ ಕಾಫಿ ಮುಟ್ಟದೆ ಎದ್ದು ಬಂದೆ.

ಆ ಬೇರೆಯವರು ಅರ್ಜಿಗೆ ಒಪ್ಪಿಗೆ ಕೊಟ್ಟರು. ನಾನು ಕಾರು ಮಾರಿ ಪ್ರೀಮಿಯಂ ಕಟ್ಟಿದೆ. ಅಂದಿನಿಂದ ಪ್ರತಿ ಗುರುವಾರ ಭಾವ ರಜೆ ಹಾಕಿ, ಹಿಮವಿರಲಿ ಬಿಡಲಿ, ಲ್ಯಾನ್ಸಿಂಗ್‌ನಿಂದ ಬಂದು ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಕ್ಕದ ಸೀಟಿನಲ್ಲಿ ಕೂತು ನಾನು ಒಂದು ಮಾತೂ ಆಡುತ್ತಿರಲಿಲ್ಲ. ಅಷ್ಟು ಸಿಟ್ಟು ನನಗೆ. ಮಾರ್ಚ್‌ನಲ್ಲಿ ಅವಳು ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆಯ ದಿನ ಅಕ್ಕ ಬಾಯಿಬಿಟ್ಟಳು. ನಾನು ಬೇಡಲು ಹೋದ ದಿನ ಭಾವ ಆ ಅರ್ಜಿಗೆ ಹನ್ನೊಂದು ಪುಟ ತಿರಸ್ಕಾರ ಬರೆದು ಮುಗಿಸಿದ್ದರಂತೆ. ಸಹಿಯೊಂದು ಬಾಕಿಯಿತ್ತಂತೆ. ನಾನು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಆಗುತ್ತಿತ್ತು.

ಭಾವ ಅಂಗಳದಲ್ಲಿ ಒಬ್ಬರೇ ನಿಂತಿದ್ದರು. “ಯಾಕೆ ಹೇಳ್ಲಿಲ್ಲ ಭಾವ? ಇಷ್ಟು ದಿನ ನಿಮ್ಮನ್ನ ಬೈಕೊಂಡೇ ಓಡಾಡಿದ್ನಲ್ಲ.”

“ಬೈಕೊಳ್ಳಲಿ ಅಂತಾನೇ ಸುಮ್ನಿದ್ದೆ” ಎಂದರು. “ಹೆಂಡ್ತಿ ಉಳೀಲಿ ಅಂತ ಕೇಳೋಕ್ಬಂದೋನಿಗೆ, ನೀನು ಕೇಳಿದ್ದೇ ತಪ್ಪಾಯ್ತು ಅಂತ ಹೆಂಗೋ ಹೇಳ್ಲಿ?”