ಗ್ರೀಕ್ ಬಲ್ಲ ಅಳಿಯ

ಯುರೋಪಿನ ಯಾವ ಆಸ್ಪತ್ರೆಗೆ ಹೋದರೂ ತಾನು ಗೆದ್ದು ಬರಬಲ್ಲೆ ಎಂದು ಇಂಗ್ಲಿಷರ ನಾಡಿನ ಈಸ್ಟ್ ಹ್ಯಾಮಿನಲ್ಲಿದ್ದ ಶಶಿಧರ ಘೋಷಿಸಿದ್ದು 2003ರ ಬೇಸಿಗೆಯಲ್ಲಿ. ಲೈಬ್ರರಿ ಪುಸ್ತಕವೊಂದರಿಂದ ವೈದ್ಯಕೀಯ ಪದಗಳ ಇಪ್ಪತ್ತು ಗ್ರೀಕ್ ತುಂಡುಗಳನ್ನು ಬಾಯಿಪಾಠ ಮಾಡಿದ್ದ. ಗ್ಯಾಸ್ಟ್ರೊ ಅಂದರೆ ಹೊಟ್ಟೆ, ಕಾರ್ಡಿಯೊ ಅಂದರೆ ಹೃದಯ, ನೆಫ್ರೊ ಅಂದರೆ ಮೂತ್ರಪಿಂಡ! ಫ್ರೆಂಚರಿಗೂ ಅದೇ, ಜರ್ಮನ್ನರಿಗೂ ಅದೇ.

"ರೋಗದ ಮುಂದ ಒಂದು ತುಂಡು ಹಚ್ಚಿದ್ರ ಮುಗೀತು, ಇಡೀ ಯುರೋಪ್ ನಮ್ಮ ಓಣಿ!"

"ಮೊದ್ಲ ಅವ್ವಗ ಏನಾಗೈತಿ ಕೇಳ್ರಿ," ಎಂದು ಹೆಂಡತಿ ಸ್ಫೂರ್ತಿ ಆಫೀಸಿಗೆ ಓಡಿದಳು.

ಅವ್ವ ಅಂದರೆ ಧಾರವಾಡದಿಂದ ಬಂದಿದ್ದ ಅವಳ ತಾಯಿ ಕಾಶವ್ವ. ಮರುದಿನವೇ ವಿಮಾನ, ಊರಲ್ಲಿ ಮೊಮ್ಮಗಳ ಮದುವೆ. ಬೆಳಗಿನಿಂದ ಮುಖ ಕಿವುಚಿಕೊಂಡು ಕೂತಿದ್ದರು. ಕೇಳಿದರೆ ತಲೆಮೇಲೆ ಸೆರಗು ಎಳೆದುಕೊಂಡು "ಏನಿಲ್ರಿ" ಅಂದರು. ಅಳಿಯನೆದುರು ಅತ್ತೆ ನೋವು ತೋಡಿಕೊಳ್ಳುವುದುಂಟೆ! ಅಳಿಯ ಬಡಿಸಿದ್ದನ್ನು ಬೇಡವೆನ್ನುವುದೂ ಅವರಿಗೆ ಗೊತ್ತಿರಲಿಲ್ಲ. ವಾರವಿಡೀ ರಜೆ ಹಾಕಿ, ಡಬ್ಬಿಯ ಬೇಕ್ಡ್ ಬೀನ್ಸ್ ಕಾಳು ಸುರಿದ ಉಪ್ಪಿಟ್ಟನ್ನು ಶಶಿಧರ ಹೊತ್ತಿಗೆ ಮೂರು ಸಲ ಬಡಿಸಿ ಅತ್ತೆಯ ಸೇವೆ ಮಾಡಿದ್ದ.

ಅತ್ತೆಯನ್ನು ಕರೆದುಕೊಂಡು ಬಡಾವಣೆಯ ಡಾಕ್ಟರ್, ಅಂದರೆ ಜಿಪಿ, ಹತ್ತಿರ ಹೋದರೆ, ಡಾಕ್ಟರಮ್ಮ ಸಾಕ್ಷಾತ್ ಗ್ರೀಸ್ ದೇಶದವರು! ಶಶಿಧರನ ಸಂತೋಷಕ್ಕೆ ಕೈಕಾಲು ನಿಲ್ಲಲಿಲ್ಲ. ಏನು ತೊಂದರೆ ಎಂದು ಅವರು ಕೇಳಿದ್ದೇ ತಡ, ಅತ್ತೆಯ ಕಡೆ ತಿರುಗಿಯೂ ನೋಡದೆ ಗ್ಯಾಸ್ಟ್ರೊದಿಂದ ಶುರು ಮಾಡಿದ. ಇರಲಿ ಎಂದು ಕಾರ್ಡಿಯೊ ಸೇರಿಸಿದ. ನೆಫ್ರೊ ಬಿಟ್ಟರೆ ಅದಕ್ಕೆ ಬೇಜಾರಾದೀತೆಂದು ಅದನ್ನೂ ಹೇಳಿ, ಎಲ್ಲದರ ಮುಂದೆ 'ಅತಿ' ಎನ್ನುವ ಹೈಪರ್ ಒಂದೊಂದು ಏರಿಸಿದ!

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಕಾಶವ್ವನ ಎದೆಗೆ ಹೃದಯ ಪರೀಕ್ಷೆಯ ವೈರುಗಳು ಬಂದವು. ಇಂಥ ಸ್ಥಿತಿಯಲ್ಲಿ ನಾಳೆ ಫ್ಲೈಟ್ ಬೇಡ, ಈಗಲೇ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು.

ಆ ಇಂಗ್ಲಿಷಿನಲ್ಲಿ ಕಾಶವ್ವನಿಗೆ ತಿಳಿದದ್ದು ಫ್ಲೈಟ್ ಒಂದೇ. ಅಷ್ಟು ಸಾಕಾಯಿತು.

"ಅಳಿಯಂದ್ರ, ನೀವೊಂದೀಟು ಹೊರಗ ನಿಂದರ್ರಿ."

ಶಶಿಧರ ಹೊರಗೆ ನಿಂತ. ಮದುವೆ ತಪ್ಪಿಸಿದ ಪಾಪ ತನ್ನ ತಲೆಗೇ ಬಂತಲ್ಲ ಎಂದು ಬಾಗಿಲಿಗೆ ಕಿವಿಗೊಟ್ಟ. ಒಳಗೆ ಮಾತ್ರ ಇಬ್ಬರು ಹೆಂಗಸರ ನಗು!

ಬಾಗಿಲು ತೆರೆಯಿತು. ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತ, ಕಾಶವ್ವ ಮಾಡಿ ತೋರಿಸಿದ್ದನ್ನೇ ಅವನಿಗೂ ಮಾಡಿ ತೋರಿಸಿದರು: ಸೌಟಿನಿಂದ ಮೂರು ಸಲ ಬಡಿಸುವುದು, ಹೊಟ್ಟೆ ಉಬ್ಬುವುದು, ಕೊನೆಗೆ ಬಾಗಿಲಾಚೆ ನಿಂತವನತ್ತ ಬೆರಳು. ಹೃದಯ ಗಟ್ಟಿಯಾಗಿದೆ, ಧಾರಾಳವಾಗಿ ಹೋಗಲಿ ಎಂದು ಚೀಟಿ ಕೊಟ್ಟರು. ಅದರಲ್ಲಿ ಒಂದೂ ಗ್ರೀಕ್ ತುಂಡಿರಲಿಲ್ಲ: "ವಿಮಾನ ಹತ್ತುವವರೆಗೆ ಅಳಿಯ ಅಡುಗೆಮನೆಗೆ ಹೋಗಕೂಡದು."

ಹಾದಿಯಲ್ಲಿ ಕಾಶವ್ವ ತಾವಾಗಿಯೇ ಅಳಿಯನನ್ನು ಮಾತನಾಡಿಸಿದರು.

"ಡಾಕ್ಟರಬಾಯಿ ಭಾಳ ಶಾಣ್ಯಾ ಅದಾರ್ರಿ. ಕನ್ನಡ ಎಷ್ಟ್ ಛಂದ ತಿಳಿತೈತಿ ಅವರಿಗೆ!"