ಕೊನೆಯ ಪಂಕ್ತಿಯೇ ಇಲ್ಲದ ಮದುವೆ ಊಟ

ಜವಾಬ್ದಾರಿ ಯಾರದು ಎಂದು ಕೇಳುವುದು ನನ್ನ ಹುಟ್ಟುಗುಣ. ಬಸ್ಸು ತಡವಾದರೆ ಡಿಪೋದವರನ್ನು ಕೇಳುತ್ತೇನೆ. ನಲ್ಲಿಯಲ್ಲಿ ಕೆಂಪು ನೀರು ಬಂದರೆ ಸಂಬಂಧಪಟ್ಟ ಕಚೇರಿಯ ಮೆಟ್ಟಿಲು ಹತ್ತುತ್ತೇನೆ. ನಮ್ಮ ಮನೆಯ ಮದುವೆಗಳೂ ಈ ವಿಚಾರಣೆಯಿಂದ ಪಾರಾದವಲ್ಲ. ಅಕ್ಕನ ಮದುವೆಯಲ್ಲಿ ಕೊನೆಯ ಪಂಕ್ತಿಗೆ ರೊಟ್ಟಿ ತಲುಪಲೇ ಇಲ್ಲ. ಆ ಪಂಕ್ತಿಯಲ್ಲಿ ಕುಳಿತಿದ್ದವರು ಅವ್ವನ ಅಣ್ಣ, ನಮ್ಮ ರಾಮಥಾಳದ ಮಾಮಾ. ಖಾಲಿ ತಾಟಿನ ಮುಂದೆ ಬಹಳ ಹೊತ್ತು ಕುಳಿತು, ಕೈ ತೊಳೆಯುವ ಅಗತ್ಯವೂ ಬೀಳದೆ ಎದ್ದು ಊರಿಗೆ ಹೋದರು. ಆಮೇಲೆ ಇಳಕಲ್ಲಿನ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಈಗ ತಂಗಿ ಗೌರಿಯ ಮದುವೆ. ಅವ್ವ ತಾನೇ ರಾಮಥಾಳಕ್ಕೆ ಹೋಗಿ ಕರೆದು ಬಂದಳು.

"ಬರ್ತಾನಂತ," ಎಂದಳು. "ಈ ಸಲಾ ನಮ್ಮಣ್ಣ ಹೊಟ್ಟಿ ತುಂಬ ಉಂಡು ಹೋಗ್ಬೇಕು. ನನಗ ಇನ್ನೇನೂ ಬ್ಯಾಡ."

ಬಡಿಸುವ ವ್ಯವಸ್ಥೆ ಬದಲಾಗದೆ ಅದು ಸಾಧ್ಯವಿಲ್ಲ, ಹೋದ ಸಲದ ಲೋಪಕ್ಕೆ ಯಾರು ಹೊಣೆಯೆಂದು ಇನ್ನೂ ತೀರ್ಮಾನವಾಗಿಲ್ಲ ಎಂದು ನಾನು ವಾದ ಹೂಡಿದೆ. ಹೋದ ಸಲ ಬಡಿಸುವ ಉಸ್ತುವಾರಿ ನೋಡಿಕೊಂಡಿದ್ದ ಶಂಕ್ರಪ್ಪ ಕಾಕಾ ಅಡಿಕೆ ಕತ್ತರಿಸುತ್ತ ಕುಳಿತಿದ್ದ.

"ದಿನಾ ಮುಂಜಾನೆ ಎದ್ದು ಜವಾಬ್ದಾರಿ ಯಾರ್ದು ಅಂತ ಕೇಳ್ತೀ ಅಲ್ಲವಾ," ಎಂದ. "ತಗೋ. ಈ ಸಲಾ ನಿಂದೇ."

ನಾನು ತೆಗೆದುಕೊಂಡೆ. ತೆಗೆದುಕೊಳ್ಳುವ ಧೈರ್ಯಕ್ಕೆ ಕಾರಣವೂ ಇತ್ತು.

ಬಾಗಲಕೋಟೆಯ ಒಂದು ಡೇಟಾ ಸೆಂಟರಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ನೌಕರಿ. ಆಗಷ್ಟೇ ಅಲ್ಲಿನ ಹಳೆಯ ಜೋಡಣೆಯನ್ನು ಕಿತ್ತು ಈಥರ್ನೆಟ್ ಫ್ಯಾಬ್ರಿಕ್ ಎಂಬ ಹೊಸ ಜೋಡಣೆ ಕೂಡಿಸಿದ್ದೆವು. ಹಳೆಯದು ಮರದಂತೆ. ಒಂದು ಸರ್ವರಿನ ಮಾತು ಕೊಂಬೆಯಿಂದ ಬುಡಕ್ಕಿಳಿದು, ಅಲ್ಲಿ ದಾರಿ ತೋರಿಸುವ ದೊಡ್ಡ ಸ್ವಿಚ್ಚಿನ ಅಪ್ಪಣೆ ಪಡೆದು, ಇನ್ನೊಂದು ಕೊಂಬೆ ಹತ್ತಿ ಪಕ್ಕದ ಸರ್ವರಿಗೆ ಮುಟ್ಟಬೇಕು. ಎರಡನೆಯ ದಾರಿ ಇದ್ದರೂ ಅದಕ್ಕೆ ಬೀಗ. ತೆರೆದರೆ ಮಾತು ಊರು ಸೇರದೆ ಸುತ್ತುತ್ತಲೇ ಇರುತ್ತದೆ. ಹೊಸದು ನೇಯ್ಗೆಯಂತೆ. ಕೆಳಗಿನ ಪ್ರತಿಯೊಂದು ಸ್ವಿಚ್ಚೂ ಮೇಲಿನ ಪ್ರತಿಯೊಂದು ಸ್ವಿಚ್ಚನ್ನೂ ಹಾಸುಹೊಕ್ಕಾಗಿ ಮುಟ್ಟುತ್ತದೆ. ಎಲ್ಲ ದಾರಿಗಳೂ ಒಟ್ಟಿಗೆ ತೆರೆದಿರುತ್ತವೆ. ಯಾವ ಸರ್ವರಿಗೂ ಯಾವ ಸರ್ವರೂ ದೂರವಲ್ಲ. ಅಲ್ಲಿ ಬುಡವಿಲ್ಲ, ತುದಿಯೂ ಇಲ್ಲ.

ತುದಿಯಿಲ್ಲವೆಂದರೆ ಕೊನೆಯ ಪಂಕ್ತಿಯೂ ಇಲ್ಲ. ನನಗೆ ರೋಮಾಂಚನವಾಯಿತು.

ಕಲ್ಯಾಣ ಮಂಟಪದ ಅಡುಗೆಮನೆಗೆ ಎರಡು ಬಾಗಿಲು. ಒಂದಕ್ಕೆ ಸದಾ ಬೀಗ. ಇನ್ನೊಂದರಲ್ಲಿ ಪ್ರತಿ ಮದುವೆಯಲ್ಲೂ ಕಾಕಾ ನಿಂತಿರುತ್ತಾನೆ. ಅವನ ಕೂಗಿಲ್ಲದೆ ಒಂದು ಸೌಟು ಪಲ್ಯವೂ ಹೊರಗೆ ಬರುವಂತಿಲ್ಲ. ನಮ್ಮ ಹಳೆಯ ಸ್ವಿಚ್ಚಿಗೆ ಮೀಸೆ ಬಂದಿದ್ದರೆ ಥೇಟ್ ಕಾಕಾನಂತೆಯೇ ಕಾಣುತ್ತಿತ್ತು.

"ಕಾಕಾ, ಈ ಸಲಾ ನೀವು ನಿಂದರೂದು ಬ್ಯಾಡ. ಕುಂತು ಉಣ್ರಿ," ಎಂದೆ. ಸಿಟ್ಟಾಗುತ್ತಾನೆಂದು ಭಾವಿಸಿದ್ದೆ.

"ಖರೇನ?" ಎಂದ ಕಾಕಾ. ಅವನ ಮುಖ ಅರಳಿತು. "ಒಂದು ಮದುವ್ಯಾಗೂ ಬಿಸಿದು ಉಂಡಾಂವ ಅಲ್ಲವಾ ನಾ."

ಎರಡೂ ಬಾಗಿಲು ತೆರೆಸಿದೆ. ಊಟದ ಮನೆಯ ನಡುವೆ ಮೂರು ಮೇಜು ಹಾಕಿಸಿ, ಪ್ರತಿ ಮೇಜಿನ ಮೇಲೂ ಎಲ್ಲ ಪದಾರ್ಥಗಳನ್ನೂ ಇಡಿಸಿದೆ. ಬಡಿಸಲು ನಿಂತವರೆಲ್ಲ ನಮ್ಮ ಓಣಿಯವರು, ಬಂಧುಗಳು. ಯಾರೂ ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಯಾವ ಮೇಜಿನ ಬಳಿ ಗದ್ದಲವಿಲ್ಲವೋ ಅಲ್ಲಿಂದ ಎತ್ತಿಕೊಂಡು, ಯಾವ ಪಂಕ್ತಿ ಎದುರಾಗುತ್ತದೋ ಅದಕ್ಕೆ ಬಡಿಸತಕ್ಕದ್ದು ಎಂದು ವಿಧಿಸಿದೆ.

ಕಾಕಾನ ಮಗ ಮಹಾಂತೇಶ ತಲೆ ಕೆರೆದುಕೊಂಡ. "ಯಕ್ಕಾ, ಯಾರಿಗೆ ಏನು ನೀಡೇತಿ, ಏನು ನೀಡಿಲ್ಲ ಅಂತ ಯಾರು ನೋಡ್ತಾರ?"

"ವ್ಯವಸ್ಥಾನ ನೋಡ್ಕೋತೈತಿ," ಎಂದೆ.

ಅಕ್ಷತೆ ಬಿತ್ತು, ಊಟ ಆರಂಭವಾಯಿತು. ಮೊದಲ ಕೆಲವು ನಿಮಿಷ ನಾನು ಕೈಕಟ್ಟಿ ನಿಂತು ನನ್ನ ನೇಯ್ಗೆಯ ಚೆಲುವನ್ನು ನೋಡಿದೆ. ಎಲ್ಲರೂ ಎಲ್ಲ ಕಡೆಗೂ ಓಡುತ್ತಿದ್ದರು. ಯಾರೂ ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ದಾರಿ ಹಲವು ಇರುವ ನೆಟ್‌ವರ್ಕಿನಲ್ಲಿ ಒಂದು ನಿಯಮವಿದೆ. ಒಂದು ಸಂಭಾಷಣೆಯ ತುಣುಕುಗಳೆಲ್ಲ ಒಂದೇ ದಾರಿ ಹಿಡಿಯಬೇಕು. ಇಲ್ಲವಾದರೆ ಹಿಂದಿನದು ಮುಂದಾಗಿ ಬರುತ್ತದೆ. ಯಂತ್ರಗಳಿಗೆ ಈ ನಿಯಮವನ್ನು ನನ್ನ ಕೈಯಾರೆ ಬರೆದು ಕೂಡಿಸಿದ್ದೆ. ಮನುಷ್ಯರಿಗೆ ಹೇಳಲು ಮರೆತಿದ್ದೆ. ರೊಟ್ಟಿ ಇನ್ನೂ ಒಳಗಿದ್ದಾಗಲೇ ಅನ್ನ ಬಂತು. ಅನ್ನದ ಮೇಲೆ ಸಾರಿಗಿಂತ ಮೊದಲೇ ಮಜ್ಜಿಗೆ ಬಂತು. ಬೀಗರ ಕಡೆಯ ಹಿರಿಯರೊಬ್ಬರು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಊಟ ಚಾಲೂ ಆತೋ, ಮುಗೀತೋ? ಅಷ್ಟು ಹೇಳಿಬಿಡವಾ."

ಅಷ್ಟರಲ್ಲಿ ಯಾರೋ "ಉಪ್ಪು" ಎಂದರು. ಯಾರಿಗೆ ಹೇಳಿದ್ದೆಂದು ಗೊತ್ತಿಲ್ಲದ್ದರಿಂದ ಎಲ್ಲರೂ ಉಪ್ಪು ಹಿಡಿದು ಓಡಿದರು. ಕೇಳಿದವರಿಗೂ ಬಿತ್ತು, ಕೇಳದವರಿಗೂ ಬಿತ್ತು.

ಹುಗ್ಗಿಯ ಬಕೆಟ್ಟು ಒಂದು ಬಾಗಿಲಿನಿಂದ ಹೊರಬಂದು ಮೇಜಿಗೆ ಹೋಯಿತು. ಅಲ್ಲಿ ಹುಗ್ಗಿ ಹೆಚ್ಚಾಯಿತೆಂದು ಒಬ್ಬರು ಅದನ್ನು ಇನ್ನೊಂದು ಬಾಗಿಲಿನಿಂದ ಒಳಗೊಯ್ದರು. ತುಂಬಿದ ಬಕೆಟ್ಟು ಒಳಗೇಕೆ ಕುಳಿತಿದೆ ಎಂದು ಅಡುಗೆಯವರು ಮತ್ತೆ ಹೊರಗೆ ಕಳಿಸಿದರು. ಒಂದು ತಾಟನ್ನೂ ಮುಟ್ಟದೆ ಅದು ಮಂಟಪಕ್ಕೆ ಪ್ರದಕ್ಷಿಣೆ ಹಾಕುತ್ತಿತ್ತು. ಕೆಲವು ಬಾಗಿಲುಗಳಿಗೆ ಬೀಗ ಏಕಿರುತ್ತದೆ ಎಂಬುದು ಎಂ.ಟೆಕ್. ಮುಗಿಸಿದ ನನಗೆ ಆಗಷ್ಟೇ ಅರ್ಥವಾಯಿತು.

ಕಾಕಾನ ಬಳಿಗೆ ಓಡಿದೆ. "ಕಾಕಾ, ಏಳ್ರಿ, ಏಳ್ರಿ."

"ಉಣ್ಣಾಕ ಕುಂತವ್ರನ್ನ ಎಬ್ಬಿಸಬಾರದವಾ," ಎಂದ, ಬಾಯಿ ತುಂಬ ಎಣ್ಣೆಗಾಯಿ. "ಪಾಪ ಬರ್ತೈತಿ."

ತಿರುಗಿ ನೋಡಿದರೆ ಮಾಮಾ. ಅವರನ್ನು ನಾನೇ ನಡುವಿನ ಪಂಕ್ತಿಯಲ್ಲಿ, ಮೇಜಿಗೆ ತೀರ ಹತ್ತಿರ ಕೂಡಿಸಿದ್ದೆ. ಅವರ ತಾಟಿನಲ್ಲಿ ಒಂದು ಉಪ್ಪಿನ ಗುಡ್ಡ, ಅದರ ತಪ್ಪಲಲ್ಲಿ ಮಜ್ಜಿಗೆಯ ಕೆರೆ, ಕೆರೆಯಲ್ಲಿ ಮುಳುಗುತ್ತಿದ್ದ ಅನ್ನ. ರೊಟ್ಟಿ ಇರಲಿಲ್ಲ. ಅವರು ಏಳುವವರಂತೆ ಮೊಣಕಾಲಿನ ಮೇಲೆ ಕೈಯೂರಿದರು. ಅಡುಗೆಮನೆಯ ಬಾಗಿಲಲ್ಲಿ ಅವ್ವ ಅದನ್ನು ನೋಡಿದಳು.

"ಇದಕ್ಕ ಜವಾಬ್ದಾರ ಯಾರವಾ?" ಎಂದು ಮಾಮಾ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

"ಹಂಗ ಒಬ್ಬರು ಅಂತ ಇಲ್ರಿ ಮಾಮಾ. ಈ ಪದ್ಧತಿಯೊಳಗ ಎಲ್ಲಾರೂ ಸಮಾನ."

ಆಡಿದ ಮಾತು ನನ್ನ ಕಿವಿಗೇ ಬಿತ್ತು. ನಾನು ಇಷ್ಟು ವರ್ಷ ಯಾರ ಯಾರ ಮೇಜು ಗುದ್ದಿ ಬಂದಿದ್ದೆನೋ ಅವರಲ್ಲಿ ಒಬ್ಬರೂ ಇಷ್ಟು ನಾಚಿಕೆಗೆಟ್ಟ ಉತ್ತರ ಕೊಟ್ಟಿರಲಿಲ್ಲ.

"ನಾನೇ ರೀ," ಎಂದೆ.

ಅಷ್ಟರಲ್ಲಿ ಅವ್ವ ಬಂದಳು. ಅಂಗೈ ಮೇಲೆ ಎರಡು ರೊಟ್ಟಿ, ಇನ್ನೂ ಹಬೆಯಾಡುತ್ತಿದ್ದವು.

"ಅಣ್ಣಾ, ಏಳಬ್ಯಾಡೋ."

"ಎಲ್ಲಿ ಏಳಾಕತ್ತೀನಿ? ಕಾಲು ಜೋಮು ಹಿಡದಾವು," ಎಂದರು ಮಾಮಾ. ಆಮೇಲೆ ಅವಳ ಮುಖ ನೋಡಿದರು. "ನೀ ಉಂಡಿಯೇನು?"

"ನೀ ಉಂಡಿಂದ ಉಣ್ತೇನಿ."

"ಹೋದ ಮದುವ್ಯಾಗ?"

ಅವ್ವ ರೊಟ್ಟಿಯನ್ನು ತಾಟಿಗಿಟ್ಟಳು. ಮಾಮಾ ಪಕ್ಕಕ್ಕೆ ಸರಿದು, ಜಮಖಾನೆಯ ಮೇಲೆ ಅಂಗೈಯಿಂದ ತಟ್ಟಿದರು.

"ಕುಂದರು. ಉಪ್ಪಂತೂ ಭಾಳ ಐತಿ, ಹಚ್ಕೊಂಡು ಉಣ್ಣೂಣು."

ನಾನು ಹೋಗಿ ಒಂದು ಬಾಗಿಲಿಗೆ ಬೀಗ ಹಾಕಿದೆ. ಇನ್ನೊಂದರಲ್ಲಿ ನಿಂತು, ಯಾವ ಪಂಕ್ತಿಗೆ ಏನು ಎಂದು ಗಂಟಲು ಹರಿಯುವಂತೆ ಕೂಗತೊಡಗಿದೆ. ಹುಗ್ಗಿ ತಿರುಗುವುದು ನಿಂತಿತು. "ದನಿ ಇನ್ನಷ್ಟು ಏರಸವಾ," ಎಂದು ಕಾಕಾ ಕುಳಿತಲ್ಲಿಂದಲೇ ಪ್ರೋತ್ಸಾಹಿಸಿದ.

ಎಲ್ಲರ ಊಟ ಮುಗಿದರೂ ಅಣ್ಣ ತಂಗಿ ಒಂದೇ ತಾಟಿನ ಮುಂದೆ ಕುಳಿತೇ ಇದ್ದರು. ಮಾಮಾ ನನ್ನನ್ನು ಕರೆದರು.

"ಬಾಗಲಕೋಟ್ಯಾಗ ನೀ ಏನು ಕೆಲಸಾ ಮಾಡ್ತಿ?"

"ಯಾವುದು ಎಲ್ಲಿ ಮುಟ್ಟಬೇಕೋ ಅದನ್ನ ಅಲ್ಲಿಗೆ ಸರಿಯಾಗಿ ಮುಟ್ಟಸೂ ಕೆಲಸಾ ರೀ."

ಮಾಮಾ ತಮ್ಮ ತಾಟಿನ ಉಪ್ಪಿನ ಗುಡ್ಡವನ್ನು ನೋಡಿದರು.

"ಅಲ್ಲೆ ಮಂದಿ ಉಣ್ಣಾಕ ಕುಂದರ್ತಾರೇನು?"

"ಇಲ್ರಿ. ಬರೇ ಮಷೀನು."

"ಹಂಗಾದ್ರ ಅಡ್ಡಿಯಿಲ್ಲ," ಎಂದರು. "ಮಾಡು."

ಆ ಅಪ್ಪಣೆಯ ಬಲದ ಮೇಲೆಯೇ ನಾನಿನ್ನೂ ನೌಕರಿಯಲ್ಲಿದ್ದೇನೆ.