ಡ್ರಮ್ಮಿನ ಮೇಲೆ ಕೂತ ಭಾವ

ನಮ್ಮ ಭಾವ ಜನರನ್ನು ಮುಖ ನೋಡಿ ಗುರುತಿಸುವುದಿಲ್ಲ, ಅವರ ಮನೆಯ ಡಬ್ಬ ನೋಡಿ ಗುರುತಿಸುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಅಕ್ಕನ ಗಂಡನಾದ ಇವರಿಗೆ ತರೀಕೆರೆಯಲ್ಲಿ ತಗಡಿನ ಕೆಲಸದ ಶೆಡ್ಡಿದೆ. ಟ್ರಂಕು, ಕಾಳಿನ ಡಬ್ಬ, ಬಚ್ಚಲ ಒಲೆ, ಏನು ಬೇಕಾದರೂ ಮಾಡಿಕೊಡುತ್ತಾರೆ. "ಅದೇ, ಇಪ್ಪತ್ತೆರಡು ಗೇಜಿನ ಟ್ರಂಕಿನವರು" ಎಂದರೆ ಅಮೃತಾಪುರದ ಮೇಷ್ಟ್ರು ಎಂದು ನಾವೇ ಅರ್ಥ ಮಾಡಿಕೊಳ್ಳಬೇಕು.

ಅಕ್ಕನನ್ನು ನೋಡಲು ಬಂದ ದಿನವೇ ನಮಗಿದು ತಿಳಿಯಬೇಕಿತ್ತು. ಉಪ್ಪಿಟ್ಟಿನ ತಟ್ಟೆಯ ಅಂಚಿಗೆ ಬೆರಳಿನಿಂದ ಟಕ್ಕೆಂದು ಹೊಡೆದು, ಕಿವಿಗೊಟ್ಟು ಕೇಳಿ, "ಇಪ್ಪತ್ನಾಕು" ಎಂದರು. ಹುಡುಗಿಯ ವಯಸ್ಸಿನ ಮಾತೆಂದು ತಿಳಿದ ಅಪ್ಪ ಗಾಬರಿಯಾಗಿ, "ಛೆ, ಇನ್ನೂ ಇಪ್ಪತ್ತೆರಡು" ಎಂದರು.

"ಇಲ್ಲ ಕಣ್ರೀ, ತಟ್ಟೆ ಅಷ್ಟು ದಪ್ಪ ಇಲ್ಲ" ಎಂದರು ಭಾವ.

ದಪ್ಪ ಅಳೆಯುವ ಗೇಜಿನ ನಂಬರು ಏರಿದಂತೆ ತಗಡು ತೆಳುವಾಗುತ್ತದೆ ಎಂಬುದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಅಳಿಯನನ್ನು ಮೆಚ್ಚಿಸಲೆಂದು ಅಂಗಡಿಯಲ್ಲಿ ಹಟ ಹಿಡಿದು, ಮದುವೆಗೆ ಇಪ್ಪತ್ತೆಂಟು ಗೇಜಿನ ಕೊಳಗ ಮಾಡಿಸಿ ತಂದರು. ಭಾವ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. "ಚೆನ್ನಾಗೈತೆ ಮಾವ. ನೀರು ಮಾತ್ರ ತುಂಬೋದ್ ಬ್ಯಾಡ."

ಆತುರ ಎಂಬುದು ಅವರ ಜಾತಕದಲ್ಲೇ ಇಲ್ಲ. ಒಮ್ಮೆ ಕಡೂರಿನಲ್ಲಿ ಬಸ್ಸು ಹತ್ತುವ ಬದಲು ಅದರ ಮೈ ತಟ್ಟುತ್ತಾ ನಿಂತರು. "ಹತ್ತೋದಾದ್ರೆ ಹತ್ರೀ" ಎಂದು ಕಂಡಕ್ಟರ್ ಎರಡು ಸಲ ಕೂಗಿದ. ಬಸ್ಸು ಹೋಯಿತು. ಭಾವ ಓಡಲಿಲ್ಲ. "ಬಾಗಿಲ ಹತ್ರ ಬೇರೆ ತಗಡು ಹಾಕವ್ರೆ" ಎಂದು ನನಗೆ ವಿವರಿಸಿದರು. ಮುಂದಿನ ಬಸ್ಸಿಗೆ ಒಂದು ಗಂಟೆ ಕಾದೆವು.

ಇಂಥವರ ಹತ್ತಿರ ಕಳೆದ ವರ್ಷ ನನಗೊಂದು ಕೆಲಸ ಬಿತ್ತು. ಬಚ್ಚಲ ಒಲೆ ಮಾಡಿಸಲು ಗುಜರಿಯಿಂದ ಕಬ್ಬಿಣದ ಡ್ರಮ್ಮು ತಂದು, ಅಜ್ಜಂಪುರದ ನಮ್ಮ ಮನೆಯಿಂದ ಭಾವನಿಗೆ ಫೋನ್ ಮಾಡಿದೆ.

"ಅದ್ರಲ್ಲಿ ಏನಿತ್ತು?"

"ಏನೂ ಇಲ್ಲ ಭಾವ, ಖಾಲಿ."

"ಏನೈತೆ ಅಂತ ಕೇಳ್ಲಿಲ್ಲ ಕಣೋ. ಏನಿತ್ತು ಅಂದೆ."

"ಬಣ್ಣಕ್ಕೆ ಹಾಕೋ ಥಿನ್ನರ್ ಅಂತೆ. ಅದೆಲ್ಲ ಯಾವಾಗ್ಲೋ ಒಣಗೋಯ್ತು."

"ಇಲ್ಲಿಗ್ ತಗೊಂಬಾ. ನಾಕು ದಿನ ಆಯ್ತದೆ."

ಒಂದು ಡ್ರಮ್ಮು ಕೊಯ್ಯಲು ನಾಲ್ಕು ದಿನವೇ? ನನಗೆ ರೇಗಿತು. "ಬ್ಯಾಡ ಬಿಡಿ ಭಾವ, ಪಕ್ಕದ ಮನೇಲಿ ಕಬ್ಬಿಣ ಕುಯ್ಯೋ ಗ್ರೈಂಡರ್ ಐತೆ. ಊಟ ಮುಗಿಸಿ ನಾನೇ ಕುಯ್ಕೋತೀನಿ" ಎಂದು ಫೋನ್ ಇಟ್ಟು, ಅದನ್ನು ಚಾರ್ಜಿಗೆ ಹಾಕಿ ಹಿತ್ತಲಿಗೆ ಹೋದೆ.

ಊಟವಾಗಿ, ಗ್ರೈಂಡರಿನ ವೈರು ಎಳೆದು ಡ್ರಮ್ಮಿನ ಮೇಲೆ ಸೀಮೆಸುಣ್ಣದ ಗೆರೆ ಹಾಕುವಾಗ ಬಾಗಿಲಲ್ಲಿ ಒಂದು ಲಗೇಜ್ ಆಟೋ ನಿಂತಿತು. ಇಳಿದವರು ಭಾವ. ಏದುಸಿರು ಬಿಡುತ್ತಾ ಬಂದು ಡ್ರಮ್ಮಿನ ಮೇಲೆ ಕೂತುಬಿಟ್ಟರು.

"ಎದ್ದೇಳಿ ಭಾವ, ಕುಯ್ಬೇಕು."

"ಕುಯ್ಯಪ್ಪ. ನನ್ನೂ ಸೇರ್ಸಿ ಕುಯ್ಯಿ."

ನಾನು ಪ್ಲಗ್ಗು ಕಿತ್ತ ಮೇಲೆಯೇ ಅವರು ಎದ್ದದ್ದು. ಮುಚ್ಚಳ ತಿರುಗಿಸಿ ತೆಗೆದು, "ಮೂಸು" ಎಂದರು. ಒಣಗಿದೆ ಎಂದು ನಾನು ಪ್ರಮಾಣ ಮಾಡಿದ್ದ ಡ್ರಮ್ಮಿನಿಂದ ಮೂಗು ಸುಡುವಂಥ ವಾಸನೆ ಬಂತು.

"ತುಂಬಿರೋದಕ್ಕಿಂತ ಖಾಲಿದೇ ಕೆಟ್ಟದ್ದು ಕಣೋ. ಒಳಗೆ ಆವಿ ಕೂತಿರ್ತದೆ. ಒಂದು ಕಿಡಿ ಬಿದ್ರೆ ಡ್ರಮ್ಮೂ ಇಲ್ಲ, ನೀನೂ ಇಲ್ಲ."

ಭಾವ ಬಿಸಿನೀರಿಗೆ ಸೋಡ ಹಾಕಿ ಮೂರು ಸಲ ಡ್ರಮ್ಮು ತೊಳೆದರು. ಮಾರನೆಯ ದಿನ ಮತ್ತೆ ತೊಳೆದು, ಗೆರೆಯ ಹತ್ತಿರದವರೆಗೂ ನೀರು ತುಂಬಿಸಿ, ಗ್ರೈಂಡರ್ ಮುಟ್ಟದೆ ಉಳಿ ಸುತ್ತಿಗೆಯಿಂದಲೇ ನಿಧಾನವಾಗಿ ಕೊಯ್ದರು. "ಹದಿನೆಂಟು ಗೇಜು, ಒಳ್ಳೆ ಮಾಲು" ಎಂದು ಮಧ್ಯೆ ಹೊಗಳಿದ್ದೂ ಆಯಿತು.

ಅವರು ಹೊರಡುವ ಮೊದಲು, ಚಾರ್ಜಿಗೆ ಹಾಕಿ ಮರೆತೇಬಿಟ್ಟಿದ್ದ ಫೋನ್ ನೋಡಿದೆ. ಹಿಂದಿನ ದಿನ ಭಾವ ಹದಿನಾಲ್ಕು ಸಲ ಕರೆದಿದ್ದರು. ಅಕ್ಕನಿಗೆ ಫೋನ್ ಮಾಡಿ, "ನಿನ್ನೆ ಹೊರಡುವಾಗ ಏನಂದ್ರಕ್ಕ?" ಎಂದು ಕೇಳಿದೆ.

"ಏನೂ ಅನ್ಲಿಲ್ಲ ಕಣೋ. ಓಡೋದ್ರು. ಮದ್ವೆ ಆದಾಗಿಂದ ಅವ್ರು ಓಡಿದ್ದು ನಾನ್ ನೋಡೇ ಇರ್ಲಿಲ್ಲ. ನನ್ ಚಪ್ಲಿ ಒಂದು ಕಾಣ್ತಿಲ್ಲ, ಅಲ್ಲೈತಾ ನೋಡು."

ಹೊರಗೆ ಬಂದು ನೋಡಿದೆ. ಬಾಗಿಲ ಪಕ್ಕದಲ್ಲಿ ಭಾವನ ಕಪ್ಪು ಚಪ್ಪಲಿ ಒಂದು, ಅಕ್ಕನ ಹೂವಿನ ಚಪ್ಪಲಿ ಒಂದು. ಎರಡನ್ನೂ ಪಂಚೆಯ ತುದಿಯಿಂದ ಒರೆಸಿ, ಭಾವನ ಕಾಲ ಬಳಿ ಜೋಡಿಸಿಟ್ಟೆ.